"ಅಗ್ರಿಮೆಂಟ್ ಮುಗಿದಿದೆ, 10 ದಿನದಲ್ಲಿ ಖಾಲಿ ಮಾಡಿ" ಅಂತಾರೆ. ಏನು ಮಾಡಲಿ?

ಪ್ರಶ್ನೆ: ಸರ್, ಚಿಕ್ಕಮಗಳೂರಿನ ಕಲ್ಯಾಣನಗರದಲ್ಲಿ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಮಾಲೀಕರು ಕೆಳಗಡೆಯೇ ಇದ್ದಾರೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮ ಯಜಮಾನರು ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡುತ್ತಾರೆ. ಬಾಡಿಗೆ 9,000, ಅಡ್ವಾನ್ಸ್ 60,000. ಬಂದಾಗ 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡಿದ್ದೆವು. ಅದು ಮುಗಿದು ಎರಡು ವರ್ಷ ಆಯಿತು, ಮತ್ತೆ ಮಾಡಿಸಿಲ್ಲ. ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ, ಫೋನ್‌ಪೇ ಮಾಡುತ್ತೇವೆ. ಹೋದ ವಾರ ಮಾಲೀಕರು ಮೇಲೆ ಬಂದು, "ಮಗ ಹೋಮ್‌ಸ್ಟೇ ಮಾಡ್ತಾನೆ, 10 ದಿನದಲ್ಲಿ ಖಾಲಿ ಮಾಡಿ" ಅಂದರು. ಆಷಾಢದಲ್ಲಿ ಎಲ್ಲಿಗೆ ಹೋಗೋದು ಅಂದಿದ್ದಕ್ಕೆ, "ಅಗ್ರಿಮೆಂಟ್ ಮುಗಿದಿದೆ, ನೀವು ಇರೋದೇ ಅಕ್ರಮ. 12 ವರ್ಷ ಬಿಟ್ಟರೆ ಮನೆ ನಿಮ್ಮದೇ ಅಂತೀರಿ. ನಾಳೆಯಿಂದ ಮೋಟಾರ್ ಹಾಕಲ್ಲ" ಅಂದರು. ಮಲಗುವ ಕೋಣೆ ಗೋಡೆ ಬೂಷ್ಟು ಹಿಡಿದು ಬಣ್ಣ ಉದುರುತ್ತಿದೆ. ಅದು ನಾವು ಹಾಳು ಮಾಡಿದ್ದಂತೆ. ಅದಕ್ಕೆ ಅಡ್ವಾನ್ಸಿನಲ್ಲಿ 25,000 ಹಿಡಿಯುತ್ತಾರಂತೆ, ಅದರ ಮೇಲೆ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ. ಅಗ್ರಿಮೆಂಟಿನಲ್ಲಿ ಪೇಂಟಿಂಗ್ ವಿಷಯ ಇದೆ, ಎರಡೂ ಕಡೆಯವರು ಒಂದು ತಿಂಗಳ ನೋಟಿಸ್ ಕೊಡಬೇಕು ಅಂತಲೂ ಇದೆ. ರಿಪೇರಿ ಬಗ್ಗೆ ಏನೂ ಇಲ್ಲ. ಮಗಳು ಸೆಕೆಂಡ್ ಪಿಯುಸಿ. ಪಕ್ಕದ ಮನೆಯವರು, "ಬಾಡಿಗೆ ಕೊಡೋದು ನಿಲ್ಲಿಸಿ, ಅಡ್ವಾನ್ಸಲ್ಲಿ ಮುರ್ಕೊಳ್ಳಿ. ಬಾಡಿಗೆ ಕಾಯ್ದೆ ಇದೆ, ಯಾರೂ ಬಿಡಿಸೋಕಾಗಲ್ಲ" ಅನ್ನುತ್ತಾರೆ. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಐದಾರು ಜಗಳ ಕಂಡವು. ಎರಡನೇ ಸಲ ನಿಮಗೆ ಬೇಕಿರುವುದು ಎರಡೇ ಅನ್ನಿಸಿತು: ಮಗಳ ಪರೀಕ್ಷೆ ಮುಗಿಯುವ ತನಕ ಸಮಯ, ಹೋಗುವ ದಿನ ಕೈಗೆ ಅಡ್ವಾನ್ಸ್. ಈ ಮನೆಯಲ್ಲೇ ಇರಬೇಕು ಅಂತ ನೀವು ಎಲ್ಲೂ ಬರೆದಿಲ್ಲ. ಒಳ್ಳೆಯದೇ ಆಯಿತು. ಮಾಲೀಕರು ಸರಿಯಾದ ದಾರಿ ಹಿಡಿದರೆ ಮನೆ ಇವತ್ತಲ್ಲ ನಾಳೆ ಅವರಿಗೆ ವಾಪಸ್ ಹೋಗುತ್ತದೆ. ಅದನ್ನು ಮುಚ್ಚಿಟ್ಟು ನಿಮಗೆ ಸುಮ್ನೆ ಧೈರ್ಯ ಹೇಳುವುದಿಲ್ಲ. ಆದರೆ ಯಾವಾಗ ಬಿಡಬೇಕು, ಎಷ್ಟು ದುಡ್ಡು ವಾಪಸ್ ಪಡೆದು ಬಿಡಬೇಕು ಅನ್ನುವುದರಲ್ಲಿ ನಿಮ್ಮ ಮಾತೂ ನಡೆಯುತ್ತದೆ.

"ಅಗ್ರಿಮೆಂಟ್ ಮುಗಿದಿದೆ, ಇರೋದೇ ಅಕ್ರಮ" ಅನ್ನುವುದು ತಪ್ಪು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಇದಕ್ಕೆಂದೇ ಇದೆ. ಅವಧಿ ಮುಗಿದ ಮೇಲೂ ನೀವು ಮನೆಯಲ್ಲಿದ್ದೀರಿ, ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದಾರೆ. ಅಂದಮೇಲೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಹಳೆ ಕರಾರಿನ ಉಳಿದ ಷರತ್ತುಗಳೂ ಸಾಮಾನ್ಯವಾಗಿ ಜೊತೆಗೇ ಬರುತ್ತವೆ: ಬಾಡಿಗೆ ಎಷ್ಟು, ನೋಟಿಸ್ ಎಷ್ಟು ದಿನ, ಪೇಂಟಿಂಗ್ ಯಾರದು. ನಿಮ್ಮ ಫೋನ್‌ಪೇಯಲ್ಲಿ ಅಗ್ರಿಮೆಂಟ್ ಮುಗಿದ ಮೇಲೆ ಸುಮಾರು 24 ಸಲ 9,000 ಹೋಗಿರಬೇಕು ಅಲ್ವಾ? ಆ ಪಟ್ಟಿಯೇ ನಿಮ್ಮ ಈಗಿನ ಅಗ್ರಿಮೆಂಟ್. ಇವತ್ತೇ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದಿಡಿ.

ಈ 11 ತಿಂಗಳು ಎಲ್ಲಿಂದ ಬಂತು ಅಂತ ಸಾಕಷ್ಟು ಜನ ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಒಂದು ತಿಂಗಳು ಕಮ್ಮಿ ಬರೆಯುವ ರೂಢಿ ಬಂತು, ಅಷ್ಟೇ. 12ನೇ ತಿಂಗಳಿಗೆ ಬಾಡಿಗೆದಾರರಿಗೆ ಕೊಂಬು ಬರುತ್ತದೆ ಅಂತೇನಿಲ್ಲ. ಇನ್ನು ಕೆಲವರು ಸ್ಟಾಂಪ್ ಕಾಗದಕ್ಕೆ ನೋಟರಿ ಸೀಲ್ ಬಿದ್ದರೆ ರಿಜಿಸ್ಟರ್ ಆಯಿತು ಅಂದುಕೊಂಡಿರುತ್ತಾರೆ. ನೋಟರಿ ಬೇರೆ, ನೋಂದಣಿ ಬೇರೆ.

12 ವರ್ಷದ ಮಾತೂ ಹಾಗೆಯೇ. ಇನ್ನೊಬ್ಬರ ಆಸ್ತಿಯನ್ನು ಅವರ ಹಕ್ಕಿಗೆ ವಿರುದ್ಧವಾಗಿ, ಎಲ್ಲರಿಗೂ ಗೊತ್ತಾಗುವಂತೆ 12 ವರ್ಷ ಇಟ್ಟುಕೊಂಡವರ ಪ್ರಶ್ನೆ ಅದು. ಬಾಡಿಗೆದಾರರು ಇರುವುದೇ ಮಾಲೀಕರ ಒಪ್ಪಿಗೆಯಿಂದ. 12 ಅಲ್ಲ, 40 ವರ್ಷ ಬಾಡಿಗೆ ಕೊಟ್ಟುಕೊಂಡಿದ್ದರೂ ಮನೆ ಅವರದಾಗುವುದಿಲ್ಲ. ಬಾಡಿಗೆದಾರನಾಗಿ ಒಳಗೆ ಬಂದವನು ಆಮೇಲೆ ಮಾಲೀಕನ ಹಕ್ಕನ್ನೇ ಅಲ್ಲಗಳೆಯುವುದಕ್ಕೂ ಕಾನೂನು ಬಿಡುವುದಿಲ್ಲ.

ಆದರೂ ನಮ್ಮ ಕಡೆ ಈ ಭಯ ಯಾಕೆ ಹೋಗುವುದಿಲ್ಲ ಅನ್ನುವುದು ನನಗೆ ಗೊತ್ತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ 7 ಅನ್ನುವ ಅರ್ಜಿ ಹಾಕಿ ತಾವು ಉಳುತ್ತಿದ್ದ ಜಮೀನಿಗೆ ಒಡೆಯರಾದರು. ಮಲೆನಾಡಿನಲ್ಲಿ ಆ ಕಥೆ ಇಲ್ಲದ ಮನೆ ಕಮ್ಮಿ. ಒಂದು ಮನೆಯಲ್ಲಿ ಅದು ಬಂದ ಭಾಗ್ಯ, ಇನ್ನೊಂದು ಮನೆಯಲ್ಲಿ ಕಳೆದುಕೊಂಡ ಗದ್ದೆ. "ಅಜ್ಜ ಗೇಣಿಗೆ ಕೊಟ್ಟಿದ್ದು ಹೋಯ್ತು" ಅಂತ ಕೇಳಿ ಬೆಳೆದವರು ಪೇಟೆಯಲ್ಲಿ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಾಗಲೂ ಅದೇ ಅಳುಕು. ಅದು ಕೃಷಿ ಜಮೀನಿನ ಕಾನೂನು, ಕಲ್ಯಾಣನಗರದ ಮಹಡಿ ಮನೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಿಮ್ಮ ಮಾಲೀಕರ ಜೊತೆ ಮಾತಿಗೆ ಕೂರುವಾಗ ಈ ಹೆದರಿಕೆ ನೆನಪಿರಲಿ. "ಮನೆ ನಿಮ್ಮದು, ಇಂಥ ತಾರೀಕಿಗೆ ಬಿಟ್ಟುಕೊಡುತ್ತೇವೆ" ಅಂತ ನೀವು ಬರೆದು ಕೊಟ್ಟ ತಕ್ಷಣ ಅವರ ದನಿ ಅರ್ಧ ಇಳಿಯುತ್ತದೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಈಗ ನಿಮ್ಮ ಪಕ್ಕದ ಮನೆಯವರ ಸಲಹೆ. ಅವರು ಹೇಳುವ ಕಾಯ್ದೆ ನಿಜಕ್ಕೂ ಇದೆ, ಕರ್ನಾಟಕ ಬಾಡಿಗೆ ಕಾಯ್ದೆ 1999. ಮಾಲೀಕರು ಸರಿಯಾದ ಕಾರಣ ತೋರಿಸಿದರೆ ಮಾತ್ರ ಬಿಡಿಸಬಹುದು ಅನ್ನುವುದು ಅದರಲ್ಲೇ. ಆದರೆ ಕಾಯ್ದೆಯ ಪಟ್ಟಿಯಲ್ಲಿರುವ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಈಗ ನಮ್ಮ ಊರಿನಲ್ಲಿ 2,000ಕ್ಕೆ ಮನೆ ಎಲ್ಲಿದೆ? ನಿಮ್ಮ 9,000 ಎರಡೂ ಲೆಕ್ಕದ ಆಚೆ. ಹಾಗಾಗಿ ನಿಮಗೆ ನಡೆಯುವುದು ಆ ಹಳೆ 1882ರ ಕಾಯ್ದೆ. ಅದರಲ್ಲಿ ಮಾಲೀಕರು ಕಾರಣ ಹೇಳಬೇಕಾಗಿಲ್ಲ. ಮಗ ಹೋಮ್‌ಸ್ಟೇ ಮಾಡುತ್ತಾನೋ ಇಲ್ಲವೋ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೋ ಇಲ್ಲವೋ, ಅದನ್ನು ಹಿಡಿದು ಜಗಳ ಆಡಿದರೆ ನಿಮಗೆ ಲಾಭವಿಲ್ಲ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ದಾರಿಯಲ್ಲಿ ನಿಂತ ಕಾರುಗಳ ಸಾಲು ನೋಡಿದವರಿಗೆ ಯಾವ ಮಾಲೀಕರಿಗೂ ಈ ಆಸೆ ಬರುವುದು ಸಹಜ ಅಂತ ಗೊತ್ತಾಗುತ್ತದೆ.

ಕಾರಣ ಬೇಡ, ಆದರೆ ನೋಟಿಸ್ ಬೇಕು. ಕರಾರಿನಲ್ಲಿ ಬೇರೆ ಏನೂ ಇಲ್ಲದಿದ್ದರೆ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್. ನಿಮ್ಮ ಕರಾರಿನಲ್ಲಿ ಒಂದು ತಿಂಗಳು ಅಂತ ಇದೆ, ನೀವು ಅದನ್ನೇ ಹಿಡಿಯಿರಿ. ನೋಟಿಸ್ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನೋಟಿಸ್ ಅಲ್ಲ. ನೋಟಿಸ್ ಅವಧಿ ಮುಗಿದರೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು. ತಾವೇ ಬೀಗ ಒಡೆದು ಸಾಮಾನು ಹೊರಗೆ ಹಾಕುವಂತಿಲ್ಲ. ಹಾಕಿದರೆ ಪೊಲೀಸ್ ದೂರು ಒಂದು ಕಡೆ. ಇನ್ನೊಂದು ಕಡೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ 6 ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಮನೆ ಯಾರದು ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಕಾನೂನು ಬಿಟ್ಟು ಹೊರಗೆ ಹಾಕಿದರೋ ಇಲ್ಲವೋ ಅಷ್ಟೇ.

ಇನ್ನು ಆ ಮೋಟಾರ್ ಸ್ವಿಚ್. ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ ಇರುವ ಮನೆಗಳಲ್ಲಿ ಯುದ್ಧ ಶುರುವಾಗುವುದೇ ಇಲ್ಲಿಂದ. ಸ್ವಿಚ್ ಅವರ ಅಡುಗೆಮನೆಯಲ್ಲಿ, ಟ್ಯಾಂಕ್ ನಿಮ್ಮ ತಲೆ ಮೇಲೆ. ಬೆಳಿಗ್ಗೆ ಕೊಳಾಯಿ ತಿರುಗಿಸಿದರೆ ಗಾಳಿ. ಹಾಗೇನಾದರೂ ಆದರೆ ಮೊದಲು ಒಂದು ಮೆಸೇಜ್ ಹಾಕಿ: "ಇವತ್ತು ಬೆಳಿಗ್ಗೆಯಿಂದ ನೀರು ಬಂದಿಲ್ಲ, ದಯವಿಟ್ಟು ಮೋಟಾರ್ ಹಾಕಿ." ಅಷ್ಟೇ. ಬೈಗುಳ ಬೇಡ, ಕಾನೂನಿನ ಭಾಷಣವೂ ಬೇಡ. ಮಾರನೇ ದಿನ ಮತ್ತೊಂದು. ಆ ಎರಡು ಮೆಸೇಜು ಇದ್ದರೆ ತಾತ್ಕಾಲಿಕ ತಡೆಯಾಜ್ಞೆ ಕೇಳಲು ವಕೀಲರಿಗೆ ದಾರಿ ಸುಲಭ. ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಅನ್ನಬಹುದು. ಆದರೂ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಂಡು ಬನ್ನಿ. ಎಷ್ಟೋ ಸಲ ಇನ್ಸ್‌ಪೆಕ್ಟರ್ ಒಂದು ಫೋನ್ ಮಾಡಿದರೆ ಸಂಜೆಗೇ ಟ್ಯಾಂಕ್ ತುಂಬುತ್ತದೆ.

ಈಗ ಗೋಡೆಗೆ ಬರೋಣ. 25,000 ನಿಂತಿರುವುದು ಇದರ ಮೇಲೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಅದೇ 1882ರ ಕಾಯ್ದೆಯ 108ನೇ ಕಲಂ ಹೇಳುವುದು ಇಷ್ಟು: ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆದರೆ ದಿನಬಳಕೆಯ ಸವಕಳಿಗೆ, ತಡೆಯಲಾಗದ ಕಾರಣಕ್ಕೆ ಆದ ಹಾನಿಗೆ ಅವರು ಹೊಣೆ ಅಲ್ಲ. ಹಾಗಾದರೆ ಪ್ರಶ್ನೆ ಒಂದೇ, ಈ ತೇವ ಎಲ್ಲಿಂದ ಬಂತು? ಕೋರ್ಟ್ ಕಮಿಷನರಾಗಿ, ಅಂದರೆ ಕೋರ್ಟಿನ ಪರವಾಗಿ ಜಾಗ ನೋಡಲು ಬರುವ ಎಂಜಿನಿಯರುಗಳ ಹಿಂದೆ ಹಿಂದೆ ಓಡಾಡಿ ನನಗೂ ಅರ್ಧ ಮೇಸ್ತ್ರಿ ವಿದ್ಯೆ ಬಂದಿದೆ. ನೆಲದಿಂದ ಮೇಲೇರುವ ತೇವ ಒಂದು. ನಿಮ್ಮದು ಮಹಡಿ, ಅದು ಲೆಕ್ಕಕ್ಕಿಲ್ಲ. ತಾರಸಿಯಿಂದ ಇಳಿಯುವುದು ಎರಡನೆಯದು. ಕಲೆ ಸೀಲಿಂಗ್ ಅಂಚಿನಿಂದ ಶುರುವಾಗಿ ಕೆಳಗೆ ಇಳಿದಿರುತ್ತದೆ. ಮೂರನೆಯದು ಗಾಳಿಮಳೆ ಹೊಡೆಯುವ ಗೋಡೆ. ಮುಂಗಾರು ಬೀಸುವುದು ನೈಋತ್ಯದಿಂದ, ಹಾಗಾಗಿ ಪಶ್ಚಿಮ, ದಕ್ಷಿಣದ ಗೋಡೆಗಳು ಮೊದಲು ನೆನೆಯುತ್ತವೆ. ಹೊರಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು. ಈ ಎರಡೂ ಕಟ್ಟಡದ ದೋಷ, ನೀವು ಹೊಣೆ ಅಲ್ಲ.

ನಾಲ್ಕನೆಯದು ನಮ್ಮದೇ ಉಸಿರು, ಒದ್ದೆ ಬಟ್ಟೆ, ಸ್ನಾನದ ಹಬೆ. ಮಳೆಗಾಲದಲ್ಲಿ ಕಿಟಕಿ ತೆಗೆಯುವ ಹಾಗಿಲ್ಲ, ಬಟ್ಟೆ ಒಣಗುವುದು ಕೋಣೆಯೊಳಗಿನ ಹಗ್ಗದ ಮೇಲೆ. ಬೀರು ಗೋಡೆಗೆ ಒತ್ತಿ ನಿಂತಿರುತ್ತದೆ. ಅದರ ಹಿಂದೆ ಗಾಳಿ ಆಡದೆ ಹಸಿರು, ಕಪ್ಪು ಚುಕ್ಕಿ ಬೂಷ್ಟು. ಬೂಷ್ಟು ಬೀರಿನ ಆಕಾರದಲ್ಲೇ ಇದ್ದರೆ ಮಾಲೀಕರ ಮಾತಿನಲ್ಲೂ ಸ್ವಲ್ಪ ನಿಜ ಇದೆ ಅಂತ ಒಪ್ಪಿಕೊಳ್ಳಬೇಕಾಗುತ್ತದೆ.

ಯಾವುದು ಅಂತ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೂಷ್ಟು ಒರೆಸಿ, ಆ ಜಾಗವನ್ನು ಫ್ಯಾನ್ ಇಟ್ಟು ಒಣಗಿಸಿ. ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಇದ್ದರೆ ಒಳಗಿನ ಹಬೆ. ತಾರೀಕು ಕಾಣುವ ಹಾಗೆ ಫೋಟೋ ತೆಗೆಯಿರಿ. ತಾರಸಿಗೂ ಹತ್ತಿ ಮಳೆನೀರಿನ ಪೈಪ್ ಬಾಯಿ ನೋಡಿ. ನನ್ನ ಒಂದು ಕೇಸಿನಲ್ಲಿ ಮಾಲೀಕರು ಗೋಡೆ ಹಾಳಾಯಿತು ಅಂತ ಅಡ್ವಾನ್ಸ್ ಪೂರ್ತಿ ಹಿಡಿದಿದ್ದರು. ಎಂಜಿನಿಯರ್ ತಾರಸಿಗೆ ಹೋಗಿ ಪೈಪಿಗೆ ಕೈ ಹಾಕಿದರೆ ಬಂದಿದ್ದು ಒಂದು ಬುಟ್ಟಿ ಸಿಲ್ವರ್ ಓಕ್ ಎಲೆ. ನೀರು ಹೋಗಲು ಜಾಗವಿಲ್ಲದೆ ತಾರಸಿಯಲ್ಲೇ ನಿಂತು ಗೋಡೆಗೆ ಇಳಿದಿತ್ತು. ಆ ಮಧ್ಯಾಹ್ನವೇ ಕೇಸ್ ರಾಜಿ ಆಯಿತು.

ನೀವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದೇ ಅಂತ ಮುಂದೆ ಕೇಳುತ್ತೀರಿ. ಬೇಡ. ಆ ಅವಕಾಶ ಕಾಯ್ದೆಯಲ್ಲಿದೆ, ಆದರೆ ರಿಪೇರಿ ಮಾಲೀಕರ ಹೊಣೆ ಆಗಿದ್ದಾಗ ಮಾತ್ರ. ನಿಮ್ಮ ಕರಾರು ಆ ಬಗ್ಗೆ ಮಾತೇ ಆಡಿಲ್ಲ. ಬಿಟ್ಟು ಹೋಗುವ ಮನೆಗೆ ದುಡ್ಡು ಹಾಕಿ ಅದಕ್ಕೊಂದು ಹೊಸ ಜಗಳ ಯಾಕೆ?

ಪೇಂಟಿಂಗಿನ ಒಂದು ತಿಂಗಳ ಬಾಡಿಗೆ ಕರಾರಿನಲ್ಲಿದೆ, ಅದನ್ನು ಬಿಟ್ಟುಬಿಡಿ. ಆದರೆ ಅದೇ ಗೋಡೆಗೆ ಒಂದು ಸಲ ಪೇಂಟಿಂಗ್ ಅಂತ, ಇನ್ನೊಂದು ಸಲ ಹಾನಿ ಅಂತ ಎರಡು ಸಲ ಹಿಡಿಯುವುದು ಸರಿಯಲ್ಲ. ನಿಮ್ಮ ಲೆಕ್ಕ ಹೀಗಿರಲಿ: 60,000ದಲ್ಲಿ 9,000 ಕಳೆದು 51,000 ವಾಪಸ್. 25,000 ಬೇಕೇ ಬೇಕು ಅಂದರೆ ಮೇಸ್ತ್ರಿಯ ಎಸ್ಟಿಮೇಟು, ಬಿಲ್ಲು ತೋರಿಸಿ ಅನ್ನಿ.

ಬಾಡಿಗೆ ನಿಲ್ಲಿಸಿ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ತುಂಬಾ ಜನ ಮಾಡುವ ಕೆಲಸ. ಕೆಲವರಿಗೆ ದಕ್ಕಿಯೂ ಇದೆ. ಆದರೆ ನೀವಾಗಿ ನಿಲ್ಲಿಸಿದ ದಿನ "ಒಂದು ತಿಂಗಳೂ ತಪ್ಪಿಸಿಲ್ಲ" ಅನ್ನುವ ನಿಮ್ಮ ದೊಡ್ಡ ಬಲ ಹೋಗುತ್ತದೆ. ಮಾಲೀಕರ ಜೊತೆ ಮಾತಾಡಿ, ಕೊನೆಯ ಎರಡು ತಿಂಗಳು ಮಾತ್ರ ಅಡ್ವಾನ್ಸಿನಲ್ಲಿ ವಜಾ ಅಂತ ಬರೆಸಿಕೊಂಡರೆ ಅದು ಬೇರೆ ಮಾತು. ಆಗ 51,000ದಲ್ಲಿ 18,000 ಅಲ್ಲೇ ಕೂಡಿಹೋಗುತ್ತದೆ, ಬೀಗದ ಕೈ ಕೊಡುವ ದಿನ ನೀವು ಕೇಳಬೇಕಾದದ್ದು 33,000 ಮಾತ್ರ. ಕೈಯಿಂದ ದುಡ್ಡು ಬಿಚ್ಚಲು ಕಷ್ಟಪಡುವ ಮಾಲೀಕರಿಗೆ ಇದು ಹಗುರ, ನಿಮಗೆ ಅಪಾಯ ಕಮ್ಮಿ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಮಾಡುವುದು ರಾಜಿ. ಮಾರ್ಚ್ ಕೊನೆ ತನಕ ಕೇಳಿ, ಪರೀಕ್ಷೆ ಅಷ್ಟೊತ್ತಿಗೆ ಮುಗಿದಿರುತ್ತದೆ. ಅವರು ದಸರಾ, ಡಿಸೆಂಬರ್ ಸೀಸನ್ ಹೋಗುತ್ತದೆ ಅನ್ನಬಹುದು. ಆಗ ಬಾಡಿಗೆಗೆ 1,000 ಸೇರಿಸಿ ಕೊಡುತ್ತೇವೆ ಅನ್ನಿ, ಆಗದಿದ್ದರೆ ಶ್ರಾವಣ ಕಳೆದ ಮೇಲೆ ಮಗಳ ಕಾಲೇಜಿನ ಹತ್ತಿರವೇ ಮನೆ ನೋಡಿ. ಪರೀಕ್ಷೆಗೆ ತಿಂಗಳಿರುವಾಗ ಮನೆ ಬದಲಿಸುವುದಕ್ಕಿಂತ ಅಕ್ಟೋಬರಿನಲ್ಲಿ ಬದಲಿಸುವುದು ವಾಸಿ. ಯಾವುದೇ ಆಗಲಿ, ಒಂದು ಹಾಳೆಯಲ್ಲಿ ಬರೆಯಿರಿ: ಬಿಡುವ ತಾರೀಕು, ಅಲ್ಲಿಯ ತನಕ ನೀರು, ವಾಪಸ್ ಕೊಡುವ ಮೊತ್ತ, ವಜಾ ಆಗುವ ತಿಂಗಳು. ಇಬ್ಬರ ಸಹಿ, ಇಬ್ಬರು ಸಾಕ್ಷಿ. ಮಾಲೀಕರಿಗೂ ಇದರಿಂದ ಕೋರ್ಟು ತಪ್ಪುತ್ತದೆ.

ಹೋರಾಡುತ್ತೇವೆ ಅಂದರೆ ಅದೂ ಒಂದು ದಾರಿ, ಆದರೆ ಬೆಲೆ ತಿಳಿದಿರಲಿ. ಸರಿಯಾದ ನೋಟಿಸ್ ಬಂದು ಅವಧಿ ಮುಗಿದ ಮೇಲೂ ಕೂತಿದ್ದರೆ, ಆ ದಿನದಿಂದ ಹಳೆ 9,000 ಅಲ್ಲ, ಆ ಮನೆಗೆ ಮಾರ್ಕೆಟ್ಟಿನಲ್ಲಿ ಸಿಗಬಹುದಾದ ಬಾಡಿಗೆ ಲೆಕ್ಕದಲ್ಲಿ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಬಹುದು. ವಕೀಲರ ಫೀಸು ಬೇರೆ. ಮತ್ತೆ ದಿನಾ ಅದೇ ಮೆಟ್ಟಿಲು ಹತ್ತಿ ಇಳಿಯುವುದು, ಕೆಳಗಿನವರ ಮುಖ ನೋಡುವುದು. ಪರೀಕ್ಷೆ ಇರುವ ಮನೆಯಲ್ಲಿ ಅದು ಬೇಕಾ ಅಂತ ನೀವೇ ಯೋಚಿಸಿ.

ಈಗಲೇ ಬಿಟ್ಟು ಹೋಗಿ ಆಮೇಲೆ ಅಡ್ವಾನ್ಸಿಗೆ ಕೇಸ್ ಹಾಕುವುದು ನನಗೆ ಇಷ್ಟವಿಲ್ಲದ ದಾರಿ. ದಾವೆಗೆ 3 ವರ್ಷ ಸಮಯ ಇದೆ ನಿಜ. ಆದರೆ ಬೀಗದ ಕೈ ಕೊಟ್ಟ ಮೇಲೆ "ಹೊಸಬರು ಬರಲಿ, ಕೊಡ್ತೀನಿ" ಅಂತ ತಿಂಗಳುಗಟ್ಟಲೆ ಅಲೆಸಿದ್ದನ್ನು ಕಂಡಿದ್ದೇನೆ. ಕೈಗೆ ಕೈ ಆಗಲಿ: ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ದುಡ್ಡು.

ಮಾತಿಗೆ ಅವರು ಕೂರುವುದೇ ಇಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದು ಕೋರ್ಟ್ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, ಹಾಗಾಗಿ ಅರ್ಜಿ ನಿಮ್ಮ ಹೆಸರಿನಲ್ಲಿ ಹಾಕಿ, ಯಜಮಾನರ ಹೆಸರಿನಲ್ಲಿ ಬೇಡ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ಆದ ರಾಜಿ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ.

ಇದನ್ನು ಓದುವ ಮಾಲೀಕರಿಗೂ ಒಂದು ಮಾತು. ಸ್ಪೀಡ್ ಪೋಸ್ಟಿನಲ್ಲಿ ಒಂದು ಸರಿಯಾದ ನೋಟಿಸ್ ಕಳಿಸಿದ್ದರೆ ನಿಮಗೆ ಕಾನೂನಿನ ಮೊದಲ ಮೆಟ್ಟಿಲು ಸಿಕ್ಕಿರುತ್ತಿತ್ತು. ಮೋಟಾರ್ ನಿಲ್ಲಿಸಿದರೆ ಆ ಮೆಟ್ಟಿಲು ಬಾಡಿಗೆದಾರರ ಕಡೆಗೆ ಹೋಗುತ್ತದೆ. ಇನ್ನು ಹೊಸಬರು ಹಾಲುಕ್ಕಿಸುವ ಮೊದಲು ಇಬ್ಬರೂ ಸೇರಿ ಖಾಲಿ ಮನೆಯ ಪ್ರತಿ ಗೋಡೆಯ ವಿಡಿಯೋ ಮಾಡಿಕೊಳ್ಳಿ. ಮಳೆಗಾಲ ಕಳೆದ ಮೇಲೆ ಬಣ್ಣ ಹೊಡೆಸಿ ತೋರಿಸುವ ಮನೆ ಎಲ್ಲವೂ ಚೆಂದವೇ. ಹೋದ ಜುಲೈನಲ್ಲಿ ಗೋಡೆ ಹೇಗಿತ್ತು ಅಂತ ಬಾಡಿಗೆದಾರರೂ ಕೇಳಿಕೊಳ್ಳಲಿ.

ಕೊನೆಯದಾಗಿ, ಮನೆ ಬಿಡುವಾಗ ಎಲ್ಲರೂ ಮರೆಯುವ ಒಂದು ಕೆಲಸ. ಗೃಹಜ್ಯೋತಿಯಲ್ಲಿ ನಿಮ್ಮ ಆಧಾರ್ ಈ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಸಂಪರ್ಕದ ನಂಬರು) ಸೇರಿರುತ್ತದೆ. ಮೆಸ್ಕಾಂ ಆಫೀಸಿನಲ್ಲೋ ಆನ್‌ಲೈನಿನಲ್ಲೋ ಅದನ್ನು ಡೀಲಿಂಕ್ ಮಾಡಿಸಿ, ಹೊಸ ಮನೆಯ ಬಾಡಿಗೆ ಕರಾರು ತೋರಿಸಿ ಅಲ್ಲಿನ ಆರ್‌ಆರ್ ನಂಬರಿಗೆ ಸೇರಿಸಿ. ಇಲ್ಲದಿದ್ದರೆ ಹೊಸ ಮನೆಯ ಕರೆಂಟ್ ಬಿಲ್ ಪೂರ್ತಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ.